ಶಿಕಾಗೊದ ಆ ಶಾಲೆ, ನಮ್ಮೂರಿನ ಈ ಶಾಲೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 1986ರ ಎಸ್‌ಎಸ್‌ಎಲ್‌ಸಿ ತಂಡದವನು. ಈಗ ಅಮೆರಿಕದ ಶಿಕಾಗೊ ನಗರದಲ್ಲಿ ಒಂದು ವಿಮಾ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಶಿಕಾಗೊ ಎಂದರೆ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು 1893ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ಮಾಡಿದ ಭಾಷಣ. ಅಲ್ಲಿಂದ ಬಂದವನು ನಾನೂ ದೊಡ್ಡ ಭಾಷಣ ಮಾಡಬಹುದು ಎಂದು ಸಮಿತಿಯವರು ಅಂದುಕೊಂಡಿರಬೇಕು. ನನಗೆ ಆ ಶಕ್ತಿ ಇಲ್ಲ. ಅಲ್ಲಿ ನಾನು ಕಂಡ ಒಂದು ಶಾಲೆಯ ವಿಷಯ ಹೇಳುತ್ತೇನೆ. ಅದನ್ನು ಹೇಳುತ್ತಾ ಹೇಳುತ್ತಾ, ಈ ಶಾಲೆಗೆ ಸಂಬಂಧಿಸಿದ ಒಂದು ಹಳೆಯ ಬಾಕಿಯನ್ನೂ ತೀರಿಸಿಬಿಡುತ್ತೇನೆ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಒಂದು ಮಂಗಳವಾರ ಬೆಳಿಗ್ಗೆ ನಮ್ಮ ಕಚೇರಿಗೆ ಒಬ್ಬ ಹುಡುಗ ಬಂದ. ಬಿಳಿ ಅಂಗಿ, ಕುತ್ತಿಗೆಗೆ ಟೈ, ಸ್ವಲ್ಪ ದೊಡ್ಡದಾದ ಬೂಟು. ವಯಸ್ಸು ಹದಿನಾಲ್ಕು. ನಮ್ಮಲ್ಲಿ ಒಂಬತ್ತನೇ ತರಗತಿಯಲ್ಲಿ ಕೂರಬೇಕಾದ ಮಗು. ಯಾರೋ ಸಹೋದ್ಯೋಗಿಯ ಮಗ ಕಚೇರಿ ನೋಡಲು ಬಂದಿದ್ದಾನೆ ಎಂದುಕೊಂಡೆ. ಅವನು ನೇರವಾಗಿ ಬಂದು ಕೈಕುಲುಕಿ, ತನ್ನ ಹೆಸರು ಹೇಳಿ, "ನಾನು ಇಲ್ಲಿ ಕೆಲಸಕ್ಕೆ ಬಂದಿದ್ದೇನೆ" ಎಂದ. ಕಡತಗಳನ್ನು ಜೋಡಿಸುವುದು, ಕಾಗದಗಳನ್ನು ಸ್ಕ್ಯಾನ್ ಮಾಡುವುದು, ಟಪಾಲು ಹಂಚುವುದು ಅವನ ಕೆಲಸ. ಮಧ್ಯಾಹ್ನ ಊಟದ ಹೊತ್ತಿಗೆ ನಾನು ಕೇಳಿದೆ, "ಶಾಲೆ ಇಲ್ಲವೇನಪ್ಪ ಇವತ್ತು?" ಅವನು ಯಾವ ಸಂಕೋಚವೂ ಇಲ್ಲದೆ ಹೇಳಿದ, "ಇದೂ ಶಾಲೆಯದ್ದೇ. ಇಲ್ಲಿ ದುಡಿದದ್ದು ನನ್ನ ಫೀಸಿಗೆ ಹೋಗುತ್ತದೆ."

ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಯಾಕೆ ಎಂದು ಆಮೇಲೆ ಹೇಳುತ್ತೇನೆ. ಮೊದಲು ಆ ಶಾಲೆಯ ವಿಷಯ.

ಅದರ ಹೆಸರು ಕ್ರಿಸ್ಟೊ ರೇ ಜೆಸ್ವಿಟ್ ಹೈಸ್ಕೂಲ್. ಕ್ರಿಸ್ಟೊ ರೇ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಕ್ರಿಸ್ತರಾಜ ಎಂದು ಅರ್ಥ. ಶಿಕಾಗೊದ ಪಿಲ್ಸೆನ್ ಎಂಬ ಬಡಾವಣೆಯಲ್ಲಿ 1996ರಲ್ಲಿ ಯೇಸುಸಭೆಯ ಪಾದ್ರಿಗಳು ಅದನ್ನು ತೆರೆದರು. ಪಿಲ್ಸೆನ್‌ನಲ್ಲಿ ಒಂದು ಕಾಲಕ್ಕೆ ಯುರೋಪಿನ ಬೊಹೀಮಿಯಾದಿಂದ ಬಂದ ಕೂಲಿಕಾರರು ಇದ್ದರು. ಬಡಾವಣೆಗೆ ತಮ್ಮ ಕಡೆಯ ಊರಿನ ಹೆಸರನ್ನು ಇಟ್ಟವರು ಅವರೇ. ಆಮೇಲೆ ಅಲ್ಲಿಗೆ ಮೆಕ್ಸಿಕೊದಿಂದ ಬಂದ ಕುಟುಂಬಗಳು ನೆಲೆಸಿದವು. ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಕಾರ್ಖಾನೆಯಲ್ಲಿ ದುಡಿಯುವವರು, ಕಟ್ಟಡ ಕೆಲಸದವರು. ಗೋಡೆಗೋಡೆಗಳ ಮೇಲೆ ದೊಡ್ಡ ದೊಡ್ಡ ಬಣ್ಣದ ಚಿತ್ರಗಳಿರುವ ಬಡಾವಣೆ ಅದು. ಹೈಸ್ಕೂಲಿಗೆ ಸೇರಿದ ಮಕ್ಕಳು ಮುಗಿಸುವ ಮೊದಲೇ ಬಿಟ್ಟುಬಿಡುವುದು ಅಲ್ಲಿನ ದೊಡ್ಡ ಚಿಂತೆಯಾಗಿತ್ತು.

ಅಮೆರಿಕದಲ್ಲೂ ಸರ್ಕಾರಿ ಶಾಲೆ ಉಚಿತವೇ. ಕ್ರೈಸ್ತ ಸಂಸ್ಥೆಗಳ ಶಾಲೆಗಳು ಖಾಸಗಿ, ಅವಕ್ಕೆ ಶುಲ್ಕ ಕಟ್ಟಬೇಕು. ನಮ್ಮಲ್ಲಿ ಮಿಷನ್ ಶಾಲೆಗಳಿಗೆ ಸರ್ಕಾರ ಅನುದಾನ ಕೊಟ್ಟು ಶಿಕ್ಷಕರ ಸಂಬಳ ಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದಲೂ ಇದೆ. ಅಲ್ಲಿ ಹಾಗೆ ನೇರವಾಗಿ ಕೊಡುವ ರೂಢಿ ಇಲ್ಲ. ಒಂದು ಕಾಲದಲ್ಲಿ ಕನ್ಯಾಸ್ತ್ರೀಯರು ಹೆಚ್ಚುಕಮ್ಮಿ ಸಂಬಳವಿಲ್ಲದೆ ಪಾಠ ಹೇಳುತ್ತಿದ್ದುದರಿಂದ ಬಡವರ ಮಕ್ಕಳೂ ಅಲ್ಲಿ ಓದುತ್ತಿದ್ದರು. 1960ರ ದಶಕದಲ್ಲಿ ಅಮೆರಿಕದ ಕ್ಯಾಥೊಲಿಕ್ ಶಾಲೆಗಳಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಆಮೇಲೆ ಕನ್ಯಾಸ್ತ್ರೀಯರ ಸಂಖ್ಯೆ ಇಳಿಯಿತು, ಸಂಬಳದ ಶಿಕ್ಷಕರು ಬಂದರು, ಶುಲ್ಕ ಏರಿತು, ಬಡವರ ಬಡಾವಣೆಗಳ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದವು.

ಇಂಥ ಹೊತ್ತಿನಲ್ಲಿ ಹೊಸ ಶಾಲೆ ತೆರೆಯುವುದು ಹೇಗೆ? ದಕ್ಷಿಣ ಅಮೆರಿಕದ ಪೆರುವಿನಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಶಾಲೆಗಳಲ್ಲಿ ದುಡಿದಿದ್ದ ಜಾನ್ ಫೋಲಿ ಎಂಬ ಪಾದ್ರಿಯನ್ನು ಕರೆಸಿ ಶಾಲೆಯ ಹೊಣೆ ಕೊಟ್ಟರು. ದುಡ್ಡಿನ ದಾರಿ ಹುಡುಕಲು ರಿಚರ್ಡ್ ಮರ್ರೆ ಎಂಬ ಸಲಹೆಗಾರರನ್ನು ಕೇಳಿದರು. ಅವರು ಕೊಟ್ಟ ಸಲಹೆ ಸರಳವಾಗಿತ್ತು. ಮಕ್ಕಳೇ ದುಡಿಯಲಿ. ಆದರೆ ಓದು ಬಿಟ್ಟು ದುಡಿಯುವುದು ಬೇಡ, ಓದುವುದಕ್ಕಾಗಿ ದುಡಿಯಲಿ.

ಲೆಕ್ಕ ಹೀಗಿದೆ. ಒಂದು ಕಂಪನಿಯಲ್ಲಿ ಒಬ್ಬ ಗುಮಾಸ್ತನ ಪೂರ್ಣಾವಧಿ ಕೆಲಸವನ್ನು ನಾಲ್ಕು ಮಕ್ಕಳು ಹಂಚಿಕೊಳ್ಳುತ್ತಾರೆ. ಸೋಮವಾರ ಒಬ್ಬ, ಮಂಗಳವಾರ ಇನ್ನೊಬ್ಬ, ಬುಧವಾರ, ಗುರುವಾರ ಮತ್ತಿಬ್ಬರು. ಶುಕ್ರವಾರ ಸರದಿಯ ಮೇಲೆ. ಹೀಗೆ ಒಂದು ಮಗುವಿಗೆ ತಿಂಗಳಿಗೆ ಐದು ದಿನ ಕೆಲಸ. ಉಳಿದ ದಿನವೆಲ್ಲ ಪಾಠ. ಕೆಲಸದ ದಿನ ಪಾಠ ತಪ್ಪದ ಹಾಗೆ ವೇಳಾಪಟ್ಟಿಯನ್ನೇ ಹೆಣೆದಿರುತ್ತಾರೆ. ಕಂಪನಿಯವರು ಹಣವನ್ನು ಶಾಲೆಗೆ ಕೊಡುತ್ತಾರೆ, ಅದು ಮಗುವಿನ ಶುಲ್ಕದ ದೊಡ್ಡ ಪಾಲಿಗೆ ಜಮೆಯಾಗುತ್ತದೆ. ಇನ್ನೊಂದಿಷ್ಟು ದಾನಿಗಳಿಂದ ಬರುತ್ತದೆ. ತಂದೆ ತಾಯಿ ತಮ್ಮ ಕೈಲಾದಷ್ಟು ಸ್ವಲ್ಪ ಕಟ್ಟುತ್ತಾರೆ. ಶಾಲೆ ಸೇರುವ ಮೊದಲು ಬೇಸಿಗೆಯಲ್ಲಿ ತರಬೇತಿ ಇರುತ್ತದೆ. ಕಂಪ್ಯೂಟರ್ ಬಳಸುವುದು, ಫೋನಿನಲ್ಲಿ ಮಾತಾಡುವುದು, ಕಡತ ಇಡುವುದು, ದೊಡ್ಡವರ ಕಣ್ಣು ನೋಡಿ ಮಾತಾಡುವುದು.

ಎರಡು ಸಂಗತಿ ನನಗೆ ತುಂಬ ಹಿಡಿಸಿದವು. ಮೊದಲನೆಯದು, ಅನುಕೂಲಸ್ಥರ ಮಕ್ಕಳಿಗೆ ಆ ಶಾಲೆಯಲ್ಲಿ ಜಾಗ ಇಲ್ಲ. ಆದಾಯ ಕಡಿಮೆ ಇರುವ ಮನೆಯವರಿಗೇ ಪ್ರವೇಶ. ಬೇರೆ ಧರ್ಮದ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ಎರಡನೆಯದು, ಪಿಲ್ಸೆನ್‌ನ ಆ ಶಾಲೆ ಮೊದಲಿನಿಂದಲೂ ಎರಡು ಭಾಷೆಯ ಶಾಲೆ. ಇಂಗ್ಲಿಷ್ ಜೊತೆಗೆ ಸ್ಪ್ಯಾನಿಷ್. ಅಮೆರಿಕದ ನೆಲದಲ್ಲಿ ನಿಂತು, ಮಕ್ಕಳನ್ನು ಕಾಲೇಜಿಗೆ ಅಣಿಗೊಳಿಸುವುದೇ ಗುರಿ ಎಂದು ಹೇಳುವ ಶಾಲೆ, ಅವ್ವನ ಭಾಷೆಯನ್ನು ಗೇಟಿನ ಹೊರಗೆ ಬಿಟ್ಟು ಬಾ ಎಂದು ಹೇಳಲಿಲ್ಲ. ಕನ್ನಡ ಮಾಧ್ಯಮ ಎಂದ ಕೂಡಲೇ ಮೂಗು ಮುರಿಯುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಆ ಒಂದು ಶಾಲೆಯ ಮಾದರಿ ಹರಡಿ ಇಂದು ಅಮೆರಿಕದ ಬೇರೆ ಬೇರೆ ನಗರಗಳಲ್ಲಿ ಸುಮಾರು 40 ಶಾಲೆಗಳಾಗಿವೆ. ಶಿಕಾಗೊದಲ್ಲೇ ಆಸ್ಟಿನ್ ಎಂಬ ಇನ್ನೊಂದು ಬಡಾವಣೆಯಲ್ಲಿ 2008ರಲ್ಲಿ ಕ್ರೈಸ್ಟ್ ದ ಕಿಂಗ್ ಎಂಬ ಎರಡನೇ ಶಾಲೆ ಬಂತು. ಅದೇ ವರ್ಷ ಫಾದರ್ ಫೋಲಿ ಅವರಿಗೆ ಅಮೆರಿಕದ ಅಧ್ಯಕ್ಷರು ಪದಕ ಕೊಟ್ಟು ಗೌರವಿಸಿದರು.

ಇದೆಲ್ಲ ಪಾದ್ರಿಗಳ ಸಂಗತಿ, ನಮಗೇಕೆ ಎಂದು ಯಾರೂ ಅಂದುಕೊಳ್ಳಬೇಡಿ. ಅದೇ ಯೇಸುಸಭೆಯವರು 1880ರಲ್ಲಿ ನಮ್ಮ ಮಂಗಳೂರಿನಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ತೆರೆದರು. ಅದಕ್ಕೂ ಮೊದಲು ಅಲ್ಲಿ ಬಾಸೆಲ್ ಮಿಷನ್‌ನವರು ಒಂದು ಕೈಯಲ್ಲಿ ಶಾಲೆ, ಇನ್ನೊಂದು ಕೈಯಲ್ಲಿ ಹೆಂಚಿನ ಕಾರ್ಖಾನೆ ಮತ್ತು ನೇಯ್ಗೆ ನಡೆಸಿದರು. ಓದಿನ ಜೊತೆಗೆ ಅನ್ನದ ದಾರಿಯೂ ಬೇಕು ಎಂಬುದು ಅವರಿಗೂ ತಿಳಿದಿತ್ತು. ದೂರ ಯಾಕೆ, ನಮ್ಮ ತುಮಕೂರಿನ ಸಿದ್ಧಗಂಗಾ ಮಠ ಇದೆ. ಶ್ರೀ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಈ ಸಭೆಯಲ್ಲೇ ಅಲ್ಲಿ ಉಂಡು ಓದಿದವರು ಎಷ್ಟೋ ಜನ ಇದ್ದೀರಿ. ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ ಎಂಬುದನ್ನು ತಿಳಿದವರು ಎಲ್ಲ ಧರ್ಮದಲ್ಲೂ ಇದ್ದಾರೆ.

ಇನ್ನು ನನ್ನ ಅನುಮಾನಗಳನ್ನೂ ಹೇಳಬೇಕು. ಹೊರದೇಶದ್ದು ಎಂದ ಮಾತ್ರಕ್ಕೆ ಎಲ್ಲವೂ ಚಿನ್ನವಲ್ಲ. ಹದಿನಾಲ್ಕು ವರ್ಷದ ಮಗು ತನ್ನ ಫೀಸು ತಾನೇ ದುಡಿಯಬೇಕು ಎನ್ನುವುದು ಸರಿಯೇ? ಅದೇ ನಗರದಲ್ಲಿ ಉಳ್ಳವರ ಮಕ್ಕಳು ದುಡಿಯದೆಯೇ ಅಂಥ ಶಾಲೆಯಲ್ಲಿ ಓದುತ್ತಾರಲ್ಲ? ಕಂಪನಿಗಳು ನಾಳೆ ಕೆಲಸ ಕೊಡದಿದ್ದರೆ ಏನು ಗತಿ? ಅಷ್ಟು ಚುರುಕಿಲ್ಲದ, ಬೆಳಿಗ್ಗೆ ಟೈ ಕಟ್ಟಿಕೊಂಡು ಹೊರಡಲಾಗದ ಮಗು ಎಲ್ಲಿಗೆ ಹೋಗಬೇಕು? ಆ ಮಗುವಿಗೆ ಕೊನೆಗೂ ಉಳಿಯುವುದು ಸರ್ಕಾರಿ ಶಾಲೆಯೇ. ಆದ್ದರಿಂದ ಸರ್ಕಾರಿ ಶಾಲೆಯನ್ನು ಮುಚ್ಚಿ ಇಂಥದ್ದನ್ನು ತೆರೆಯಿರಿ ಎಂದು ಹೇಳಲು ನಾನು ಬಂದಿಲ್ಲ. ಅಲ್ಲಿ ಮಗು ದುಡಿದು ಕಟ್ಟಬೇಕಾದ ಶುಲ್ಕವನ್ನು ಇಲ್ಲಿ ಈ ನಾಡಿನ ಜನರೆಲ್ಲ ಸೇರಿ ಕಟ್ಟಿದ್ದಾರೆ. ಅದು ಸಣ್ಣ ಮಾತಲ್ಲ.

ಈಗ, ಆ ತುತ್ತು ಯಾಕೆ ಕೈಯಲ್ಲೇ ನಿಂತಿತು ಎಂದು ಹೇಳುತ್ತೇನೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅಪ್ಪ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಮನೆಯಲ್ಲಿ ಐದು ಬಾಯಿ. ದಸರಾ ರಜೆ ಮುಗಿದ ಮೇಲೆ ನಾನು ಶಾಲೆಗೆ ಬರಲಿಲ್ಲ. ಪೇಟೆಯ ಒಂದು ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕೆ ಸೇರಿದೆ. ಒಣಗಿದ ಕಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುವುದು, ಒಳ್ಳೆಯದು ಕೆಟ್ಟದ್ದು ಬೇರೆ ಮಾಡುವುದು, ಚೀಲಕ್ಕೆ ತುಂಬುವುದು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಂಡೆ ಒಡೆಯದ ಹಾಗೆ ಚಿಪ್ಪನ್ನು ಮಾತ್ರ ಒಡೆಯಬೇಕು. ಮೊದಲ ವಾರ ನನ್ನ ಹೆಬ್ಬೆರಳಿನ ಉಗುರು ಹೋಯಿತು. ಉಂಡೆ ಒಡೆದರೆ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು.

ಇಪ್ಪತ್ತು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ನಮ್ಮ ಗಣಿತದ ಮೇಷ್ಟ್ರು ಸೈಕಲ್ ತುಳಿದುಕೊಂಡು ಮಂಡಿಗೆ ಬಂದರು. ನಾನು ಚೀಲದ ಹಿಂದೆ ಅವಿತುಕೊಂಡೆ. ಅವರು ನನ್ನನ್ನು ಕರೆಯಲೂ ಇಲ್ಲ, ಬೈಯಲೂ ಇಲ್ಲ. ಮಂಡಿಯ ಯಜಮಾನರ ಜೊತೆ ಜಗಲಿಯ ಮೇಲೆ ಕೂತು ಕಾಫಿ ಕುಡಿದರು. ಮಳೆ, ಬೆಳೆ, ಕೊಬ್ಬರಿ ಧಾರಣೆ ಎಲ್ಲ ಮಾತಾಡಿದರು. ಆಮೇಲೆ ಹೇಳಿದರು, "ಯಜಮಾನ್ರೇ, ಹುಡುಗ ದುಡೀಲಿ, ಬೇಡ ಅನ್ನಲ್ಲ. ಅವರ ಮನೆ ಒಲೆ ಉರೀಬೇಕು. ಆದ್ರೆ ಸೋಮವಾರದಿಂದ ಶುಕ್ರವಾರ ಅವನು ನನ್ನವನು. ಶನಿವಾರ ಮಧ್ಯಾಹ್ನದ ಮೇಲೆ, ಭಾನುವಾರ ಇಡೀ ದಿನ ನಿಮ್ಮವನು. ಲೆಕ್ಕ ಬರೆಯೋದನ್ನ ಕಲಿಸ್ತೀನಿ, ನಿಮಗೂ ಅನುಕೂಲ ಆಗ್ತದೆ."

ಯಜಮಾನರು ಸುಮಾರು ಹೊತ್ತು ಎಲೆ ಅಡಿಕೆ ಅಗಿದು, ಕೊನೆಗೆ "ಆಗಲಿ ಮೇಷ್ಟ್ರೇ" ಅಂದರು. ಆಗ ಮೇಷ್ಟ್ರು ಚೀಲಗಳ ಕಡೆ ತಿರುಗಿ, "ಎದ್ದು ಬಾರೋ, ಬೀಜಗಣಿತ ಎರಡು ಅಧ್ಯಾಯ ಮುಗಿದಿದೆ" ಅಂದರು. ಅಷ್ಟೇ. ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೂ ಹಾಗೇ ನಡೆಯಿತು. ಚಿಪ್ಪು ಒಡೆಯುವುದರಿಂದ ನಾನು ಲೆಕ್ಕದ ಪುಸ್ತಕಕ್ಕೆ ಬಡ್ತಿ ಪಡೆದೆ. ಶಿಕಾಗೊದ ವಿದ್ವಾಂಸರು ವರ್ಷಗಟ್ಟಲೆ ಚರ್ಚೆ ಮಾಡಿ ಕಂಡುಕೊಂಡದ್ದನ್ನು ನಮ್ಮ ಮೇಷ್ಟ್ರು ಮಂಡಿಯ ಜಗಲಿಯ ಮೇಲೆ, ಒಂದು ಲೋಟ ಕಾಫಿ ಮುಗಿಯುವುದರೊಳಗೆ ಮಾಡಿ ಮುಗಿಸಿದ್ದರು.

ಆದರೆ ನಾನು ಈ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ಎಂಜಿನಿಯರಿಂಗ್ ಓದುವಾಗ ಹೇಳಲಿಲ್ಲ, ಕೆಲಸಕ್ಕೆ ಸೇರಿದಾಗ ಹೇಳಲಿಲ್ಲ. ಹೆಬ್ಬೆರಳಿನ ಉಗುರು ಯಾಕೆ ಸೊಟ್ಟ ಎಂದು ಹೆಂಡತಿ ಕೇಳಿದಾಗ ಬಾಗಿಲಿಗೆ ಸಿಕ್ಕಿತ್ತು ಎಂದಿದ್ದೆ. ನಾಚಿಕೆ. ಆ ಮೆಕ್ಸಿಕನ್ ಹುಡುಗ ಊಟದ ಮೇಜಿನ ಮುಂದೆ ತಲೆ ಎತ್ತಿ ಹೇಳಿದ ಮಾತನ್ನು ನಾನು ಇಪ್ಪತ್ತೈದು ವರ್ಷ ಬಚ್ಚಿಟ್ಟಿದ್ದೆ. ಅವನ ಶಾಲೆ ಅವನಿಗೆ ಕೆಲಸ ಮಾತ್ರ ಕೊಟ್ಟಿರಲಿಲ್ಲ, ದುಡಿಮೆಯ ಬಗ್ಗೆ ತಲೆ ಎತ್ತಿ ಮಾತಾಡುವುದನ್ನೂ ಕಲಿಸಿತ್ತು. ಅಂದು ಸಂಜೆ ಮನೆಗೆ ಹೋಗಿ ಹೆಂಡತಿ ಮಕ್ಕಳಿಗೆ ಮಂಡಿಯ ಕತೆ ಹೇಳಿದೆ. ಮಗಳು ನನ್ನ ಹೆಬ್ಬೆರಳು ಹಿಡಿದುಕೊಂಡು ನೋಡಿದಳು.

ಇನ್ನು ಬಾಕಿಯ ವಿಷಯ. ಅದೇ ವರ್ಷ ಶಾಲೆ ಬಿಟ್ಟವನು ನಾನೊಬ್ಬನೇ ಅಲ್ಲ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ, ನನಗಿಂತ ಲೆಕ್ಕದಲ್ಲಿ ಚುರುಕಾಗಿದ್ದವನು, ಮನೆಯಲ್ಲಿ ಜಗಳವಾಡಿ ಬೆಂಗಳೂರಿಗೆ ಹೋಗಿ ಒಂದು ಹೋಟೆಲಿಗೆ ಸೇರಿದ. ಹೋಗುವ ಹಿಂದಿನ ದಿನ ನನಗೆ ಹೋಟೆಲಿನ ಹೆಸರು, ಬೀದಿ ಎಲ್ಲ ಹೇಳಿ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದ. ಮೇಷ್ಟ್ರು ನನ್ನನ್ನು ಕರೆದು ಎರಡು ಸಲ ಕೇಳಿದರು, "ಅವನೆಲ್ಲಿದ್ದಾನೆ ಗೊತ್ತೇನೋ?" ಎರಡು ಸಲವೂ "ಗೊತ್ತಿಲ್ಲ ಸಾರ್" ಅಂದೆ. ಆಣೆ ಎಂಬುದೊಂದು. ಇನ್ನೊಂದನ್ನೂ ಇವತ್ತು ಒಪ್ಪಿಕೊಳ್ಳಬೇಕು. ಅವನಿಲ್ಲದ ತರಗತಿಯಲ್ಲಿ ಲೆಕ್ಕದಲ್ಲಿ ನಾನೇ ಮೊದಲಿಗನಾಗಿದ್ದೆ. ಹೇಳಿದ್ದರೆ ಮೇಷ್ಟ್ರು ಬೆಂಗಳೂರಿಗೂ ಹೋಗುತ್ತಿದ್ದರು. ನನಗೆ ಅದರಲ್ಲಿ ಅನುಮಾನವಿಲ್ಲ.

ಆ ಮೇಷ್ಟ್ರು ಇಂದು ನಮ್ಮ ನಡುವೆ ಇಲ್ಲ. ಆ ಗೆಳೆಯ ಇದ್ದಾನೆ. ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ ಅಡುಗೆ ಭಟ್ಟನಾಗಿ, ಈಗ ಊರಿಗೆ ಮರಳಿ ಮದುವೆ ಮನೆಗಳ ಅಡುಗೆ ಗುತ್ತಿಗೆ ಹಿಡಿಯುತ್ತಾನೆ. ಮಧ್ಯಾಹ್ನ ನಾವೆಲ್ಲ ಉಣ್ಣಲಿರುವ ಊಟ ಅವನದೇ. ಈ ಮಾತನ್ನು ವೇದಿಕೆಯ ಮೇಲೆ ಹೇಳಲೇ ಎಂದು ನಿನ್ನೆ ರಾತ್ರಿ ಅವನನ್ನು ಕೇಳಿದೆ. ಪಾಯಸಕ್ಕೆ ಬೆಲ್ಲ ಕುಟ್ಟುತ್ತಿದ್ದವನು ತಲೆ ಎತ್ತದೆ, "ಹೇಳ್ಕೊಳೋ, ಅದೇನ್ ಮಹಾ" ಅಂದ. ಸ್ವಲ್ಪ ಹೊತ್ತು ಬಿಟ್ಟು ತಾನೇ ಹೇಳಿದ, "ಮೇಷ್ಟ್ರು ಬಂದಿದ್ರೂ ನಾನು ವಾಪಸ್ ಬರ್ತಿದ್ನೋ ಇಲ್ವೋ. ಆದ್ರೆ ಯಾರಾದ್ರೂ ಬರ್ತಾರೆ ಅಂತ ಒಂದು ವರ್ಷ ಬಾಗಿಲ ಕಡೆ ನೋಡ್ತಿದ್ದೆ ಕಣೋ."

ಸ್ನೇಹಿತರೇ, ನನ್ನ ಭಾಷಣದ ಸಾರವೆಲ್ಲ ಆ ಒಂದು ಮಾತಿನಲ್ಲಿದೆ. ಶಿಕಾಗೊದ ಶಾಲೆಯಿಂದ ನಾವು ಕಲಿಯಬೇಕಾದದ್ದು ಟೈ ಅಲ್ಲ, ಇಂಗ್ಲಿಷ್ ಅಲ್ಲ. ಒಂದು ಮಗು ಹಣದ ಕಾರಣಕ್ಕೆ ಶಾಲೆ ಬಿಡುವ ಮೊದಲೇ ಶಾಲೆಗೆ ಅದು ಗೊತ್ತಾಗಬೇಕು, ಮತ್ತು ಯಾರಾದರೂ ಅದರ ಬಾಗಿಲಿಗೆ ಹೋಗಬೇಕು. ಈಗ ನಮ್ಮ ಶಾಲೆಯಲ್ಲಿ ಬಿಸಿಯೂಟ ಇದೆ, ಹಾಲು ಇದೆ, ಪುಸ್ತಕ, ಸಮವಸ್ತ್ರ ಇದೆ. ನಮ್ಮ ಕಾಲಕ್ಕೆ ಇದೊಂದೂ ಇರಲಿಲ್ಲ. ಆದರೂ ಒಂದು ಬಿರುಕು ಉಳಿದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿಗೆ ಹದಿನಾಲ್ಕು ತುಂಬುವವರೆಗೆ, ಅಂದರೆ ಎಂಟನೇ ತರಗತಿಯವರೆಗೆ ಕೈ ಹಿಡಿಯುತ್ತದೆ. ಒಂಬತ್ತು, ಹತ್ತಕ್ಕೆ ಆ ಹಕ್ಕಿನ ಬಲ ಇಲ್ಲ. ಹದಿನಾಲ್ಕು ದಾಟಿದ ಮಕ್ಕಳನ್ನು ಅಪಾಯವಿಲ್ಲದ ಕೆಲಸಕ್ಕೆ ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯೂ ಇಲ್ಲ. ನಾನೂ ನನ್ನ ಗೆಳೆಯನೂ ಜಾರಿದ್ದು ಸರಿಯಾಗಿ ಆ ಜಾಗದಲ್ಲೇ.

ಅದಕ್ಕಾಗಿ ಹಿರಿಯ ವಿದ್ಯಾರ್ಥಿಗಳ ಸಂಘದ ಮುಂದೆ ಮೂರು ಕೋರಿಕೆ ಇಡುತ್ತೇನೆ. ಒಂದು, ಒಂಬತ್ತು ಮತ್ತು ಹತ್ತನೇ ತರಗತಿಯ ಯಾವ ಮಗುವಾದರೂ ಒಂದು ವಾರ ಕಾಣದಿದ್ದರೆ, ಶಿಕ್ಷಕರ ಜೊತೆ ನಮ್ಮಲ್ಲಿ ಇಬ್ಬರು ಆ ಮನೆಗೆ ಹೋಗಬೇಕು. ಬೈಯಲು ಅಲ್ಲ, ಜಗಲಿಯ ಮೇಲೆ ಕೂತು ಮಾತಾಡಲು. ಎರಡು, ಮನೆಯ ಒಲೆ ಉರಿಯದ ಕಾರಣಕ್ಕೆ ಬಿಡುವ ಮಗುವಿಗೆ ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೆ ತಿಂಗಳಿಗಿಷ್ಟು ಎಂದು ಕೊಡುವ ಒಂದು ನಿಧಿ ಬೇಕು. ಆ ನಿಧಿಗೆ ಮೊದಲ ಚೆಕ್ಕನ್ನು ಇವತ್ತೇ ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತೇನೆ. ನಮ್ಮ ಮಕ್ಕಳು ತಮ್ಮ ಫೀಸು ತಾವು ದುಡಿಯುವುದು ಬೇಡ. ನಾವು ದುಡಿದದ್ದು ಸಾಕಷ್ಟಿದೆ. ಮೂರು, ಇಲ್ಲಿ ಬ್ಯಾಂಕಿನವರಿದ್ದೀರಿ, ಆಸ್ಪತ್ರೆಯವರಿದ್ದೀರಿ, ವಿದ್ಯುತ್ ಕಚೇರಿಯವರಿದ್ದೀರಿ, ವಕೀಲರಿದ್ದೀರಿ. ಬೇಸಿಗೆ ರಜೆಯಲ್ಲಿ ಈ ಶಾಲೆಯ ಇಬ್ಬಿಬ್ಬರು ಮಕ್ಕಳನ್ನು ಒಂದು ವಾರ ನಿಮ್ಮ ಕಚೇರಿಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೆಲಸ ಮಾಡಿಸಬೇಡಿ, ನೋಡಲು ಬಿಡಿ. ಕಚೇರಿಯ ಬಾಗಿಲನ್ನು ಒಳಗಿನಿಂದ ನೋಡಿದ ಮಗು ಅದಕ್ಕೆ ಮತ್ತೆ ಹೆದರುವುದಿಲ್ಲ.

ಮಕ್ಕಳೇ, ನಿಮಗೊಂದು ಮಾತು. ನಿಮ್ಮ ಪಕ್ಕದ ಬೆಂಚಿನವನು ಬರದೇ ಹೋದರೆ, ಅವನು ಎಲ್ಲಿದ್ದಾನೆ ಎಂದು ನಿಮಗೆ ಗೊತ್ತಿದ್ದರೆ, ಆಣೆ ಗೀಣೆ ಎಲ್ಲ ಪಕ್ಕಕ್ಕಿಟ್ಟು ನಿಮ್ಮ ಮೇಷ್ಟ್ರಿಗೆ, ಮೇಡಂಗೆ ಹೇಳಿಬಿಡಿ. ಅದು ಚಾಡಿ ಅಲ್ಲ. ನಾನು ಹೇಳದೆ ಉಳಿದು ನಾಲ್ಕು ದಶಕ ಹೊತ್ತುಕೊಂಡು ತಿರುಗಿದ್ದೇನೆ.

ಐವತ್ತು ವರ್ಷ ಬಡವರ ಮಕ್ಕಳಿಗೆ ಬಾಗಿಲು ತೆರೆದಿಟ್ಟ ಈ ಶಾಲೆ ನೂರು ಕಾಣಲಿ. ಊಟಕ್ಕೆ ಯಾರೂ ತಪ್ಪಿಸಿಕೊಳ್ಳಬೇಡಿ. ಪಾಯಸ ಚೆನ್ನಾಗಿದ್ದರೆ ಅಡುಗೆ ಮನೆಗೆ ಹೋಗಿ ನನ್ನ ಗೆಳೆಯನಿಗೆ ಹೇಳಿ. ಅವನ ಹೆಸರು ಈ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇನ್ನೂ ಇದೆ, ಅವನೂ ಹಿರಿಯ ವಿದ್ಯಾರ್ಥಿಯೇ.